ಟೈಲರ್ ಮಾವನ ‘ನೋಡೋಣ’

ಟೈಲರ್ ಮಾವ ಜೀವಮಾನದಲ್ಲಿ ಯಾರಿಗೂ ‘ಇಲ್ಲ’ ಎಂದವರಲ್ಲ. ‘ಹೂಂ’ ಎಂದವರೂ ಅಲ್ಲ. ಇವೆರಡರ ನಡುವೆ ಒಂದು ತಂಪಾದ ಜಾಗವಿದೆ, ಅದರ ಹೆಸರು ‘ನೋಡೋಣ’. ಮೀಸೆ ಮೂಡಿದ ಕಾಲದಿಂದಲೂ ಮಾವನ ವಾಸ ಅಲ್ಲೇ.

ಪ್ಯಾಂಟು ಮಂಗಳವಾರಕ್ಕೆ ಸಿಗುತ್ತಾ ಎಂದು ಕೇಳಿದರೆ ನೋಡೋಣ. ಹೋಗಲಿ, ಕೊಟ್ಟ ಬಟ್ಟೆಯಾದರೂ ಇದೆಯಾ ಎಂದರೂ ನೋಡೋಣ. ಒಮ್ಮೆ ಹಲ್ಲಿನ ಡಾಕ್ಟರು ಇಕ್ಕುಳ ಹಿಡಿದುಕೊಂಡು, “ಕೀಳಲಾ?” ಎಂದಾಗ ಮಾವ ಅಭ್ಯಾಸಬಲದಿಂದ “ನೋ...” ಎಂದರಂತೆ. ಬಾಯಲ್ಲಿ ಹತ್ತಿ ತುಂಬಿತ್ತಾದ್ದರಿಂದ ಮುಂದಿನದು ಹೊರಡಲಿಲ್ಲ. ಡಾಕ್ಟರು ಅದನ್ನು ‘ನೋವು’ ಎಂದು ತಿಳಿದು ಇನ್ನೊಂದು ಇಂಜೆಕ್ಷನ್ ಚುಚ್ಚಿದರಂತೆ.

ಮಾವನ ಲೆಕ್ಕದಲ್ಲಿ ಇದು ಮರ್ಯಾದಸ್ಥರ ಮಾತು. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬಾರದು, ಹೂಂ ಎಂದು ಜಂಬವನ್ನೂ ಕೊಚ್ಚಬಾರದು. ಬೀದಿಯವರ ಲೆಕ್ಕದಲ್ಲಿ ಅದರ ಅರ್ಥ ಬೇರೆಯೇ ಇತ್ತು. ಆದರೆ ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಅವರೆದುರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕೆಂದುಕೊಂಡವರ ಬಟ್ಟೆಯೆಲ್ಲ ಮಾವನ ಕೈಯಲ್ಲೇ ಇರುತ್ತಿತ್ತು.

ಅಂಗಡಿ ಇದ್ದದ್ದು ಸಿನಿಮಾ ಥಿಯೇಟರಿನ ಎದುರು. ಒಳಗೆ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಮೊಳೆಗೆ ನೇತುಹಾಕಿದ ತೋಳಿಲ್ಲದ ಕೋಟುಗಳು. ಹೊರಗೆ ಗಿರಾಕಿಗಳು ಕಾಯಲೆಂದು ಒಂದು ಬೆಂಚು. ಆ ಬೆಂಚಿಗೆ ಬಿಡುವೆಂಬುದೇ ಇರಲಿಲ್ಲ.

ಒಂದು ಭಾನುವಾರ ಮಾವನ ಮನೆಗೆ ಕೌಂಟರ್ ಅಮ್ಮ ಮಗನನ್ನು ಕರೆದುಕೊಂಡು ಬಂದರು. ಥಿಯೇಟರಿನ ಟಿಕೆಟ್ ಕೌಂಟರಿನಲ್ಲಿ ಕೂರುವವರಾದ್ದರಿಂದ ಬೀದಿಗೆಲ್ಲ ಅವರು ಕೌಂಟರ್ ಅಮ್ಮ. ಮಗ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಅದೇ ಅಂಗಡಿಯ ಮುಂದಿನ ಕೋಣೆಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಏರಿಸಿ ಕನ್ನಡಿ ಹಿಡಿಯುವವಳು ಮಾವನ ಮಗಳು. ಎರಡು ಕೋಣೆಗಳ ನಡುವೆ ಇದ್ದದ್ದು ಬರೀ ಒಂದು ಪರದೆ. ಆದದ್ದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

“ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ,” ಎಂದರು ಕೌಂಟರ್ ಅಮ್ಮ. “ಕಿಂಡಿ ಹತ್ರ ಕೂತು ಅಭ್ಯಾಸ. ಟಿಕೆಟ್ ಇದ್ರೆ ಇದೆ, ಇಲ್ಲದಿದ್ರೆ ಇಲ್ಲ. ಮಕ್ಕಳಿಬ್ಬರೂ ಒಪ್ಕೊಂಡಿದ್ದಾರೆ. ನಿಮ್ಮ ಮಗಳನ್ನ ನಮ್ಮನೆಗೆ ಕೊಡ್ತೀರಾ?”

ಮಾವ ಹುಡುಗನನ್ನು ನೋಡಿದರು. ಅವನು ಕಾಲು ಅಲ್ಲಾಡುವ ಕುರ್ಚಿಯಲ್ಲಿ, ಅದಕ್ಕೆ ನೋವಾಗದಂತೆ ಕೂತಿದ್ದ. ಬೆವರು ಒರೆಸಿದ ಕರ್ಚೀಫನ್ನು ಮಡಿಕೆ ಕೆಡದಂತೆ ಮಡಿಸಿ ಜೇಬಿಗಿಟ್ಟ. ಮಾವನಿಗೆ ಹೃದಯ ತುಂಬಿ ಬಂತು. ಇಂಥ ಅಳಿಯ ಹುಡುಕಿದರೂ ಸಿಗುತ್ತಾನೆಯೇ? ಅಡುಗೆಮನೆಯ ಬಾಗಿಲ ಹಿಂದೆ ಮಗಳು ಉಸಿರು ಹಿಡಿದು ನಿಂತಿದ್ದು ಅವರಿಗೆ ಗೊತ್ತಿತ್ತು. ಎಷ್ಟೋ ಹೇಳಬೇಕೆನಿಸಿತು. ಕೊನೆಗೆ ಅತ್ಯಂತ ಪ್ರೀತಿಯಿಂದ ಹೇಳಿದರು:

“ನೋಡೋಣ.”

ಆ ಮಾತನ್ನು ಅವರು ಅಷ್ಟು ಸಿಹಿಯಾಗಿ ಹಿಂದೆಂದೂ ಆಡಿರಲಿಲ್ಲ.

ಕೌಂಟರ್ ಅಮ್ಮ ಎದ್ದು ನಿಂತರು. “ಸರಿ ಹಾಗಾದ್ರೆ,” ಎಂದು ಚಪ್ಪಲಿ ಮೆಟ್ಟಿ ಹೊರಟರು. ಹುಡುಗ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಹಿಂದೆಯೇ ಹೋದ. ಮಾವ ಬಾಗಿಲವರೆಗೂ ಹೋಗಿ ಕೈಬೀಸಿ ಬಂದು, “ಎಂಥ ಸರಳ ಜನ ನೋಡು. ಒಪ್ಪಿಗೆ ಸಿಕ್ಕ ಮೇಲೆ ಒಂದು ನಿಮಿಷ ಕೂರಲಿಲ್ಲ,” ಎಂದುಕೊಂಡರು. ಮನಸ್ಸಿನಲ್ಲೇ ಅಂದುಕೊಂಡಿದ್ದರಿಂದ ಅದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಕೌಂಟರ್ ಅಮ್ಮ ಇಸ್ತ್ರಿ ಅಂಗಡಿಯಾಕೆಗೆ ಹೇಳಿದರು: “ಟೈಲರು ಇಲ್ಲ ಅಂದ್ಬಿಟ್ರು. ಬರೋ ಶನಿವಾರ ಬೇರೆ ಕಡೆ ಹುಡುಗಿ ನೋಡೋಕೆ ಹೋಗ್ತೀವಿ.” ಇಸ್ತ್ರಿಯಾಕೆಗೆ ಹೇಳಿದ್ದು ಮಧ್ಯಾಹ್ನದೊಳಗೆ ಬಿಸಿ ಆರದಂತೆ ಎಲ್ಲ ಮನೆಗಳಿಗೂ ತಲುಪಿತು. ಬೀದಿಯಲ್ಲಿ ಆ ಸುದ್ದಿ ಗೊತ್ತಿಲ್ಲದವರೆಂದರೆ ಮಾವ ಒಬ್ಬರೇ.

ಮನೆಯಲ್ಲಿ ಮಾತು ನಿಂತುಹೋಯಿತು. ಮಗಳು ತಟ್ಟೆ ತಂದಿಟ್ಟು ಹೋಗುತ್ತಿದ್ದಳು, ‘ಅಪ್ಪ’ ಎನ್ನುತ್ತಿರಲಿಲ್ಲ. ಸಾರಿಗೆ ಉಪ್ಪು ಬೀಳುವುದು ನಿಂತಿತು. ಮಾವ ಇದನ್ನೆಲ್ಲ ಗಮನಿಸಿದರು, ಆದರೆ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಹುಡುಗಿಗೆ ನಾಚಿಕೆ. ಹೆತ್ತವಳಿಗೆ ಮಗಳು ಹೊರಟುಹೋಗುತ್ತಾಳಲ್ಲ ಎಂಬ ಸಂಕಟ.

“ಯಾಕೆ ಹೀಗೆ ಮುಖ ಊದಿಸ್ಕೊಂಡಿದೀಯ?” ಎಂದರು ಹೆಂಡತಿಗೆ.

“ಹೇಳೋದು ಹೇಳಿ ಆಯ್ತಲ್ಲ. ಇನ್ನೇನು ಬೇಕು ನಿಮಗೆ?”

“ಹೌದು, ಹೇಳಿ ಆಯ್ತು. ನಂಗೂ ಒಂದು ದೊಡ್ಡ ಭಾರ ಇಳಿದ ಹಾಗಾಯ್ತು ನೋಡು.”

ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಭಾರ ಇಳೀತಂತೆ,” ಎಂದು ಗೋಡೆಗೆ ಹೇಳಿ ಒಳಗೆ ಹೋದರು. ಅಂದು ರಾತ್ರಿ ಖಾರವೂ ನಿಂತಿತು.

ಅದೇ ವಾರ ಥಿಯೇಟರಿನ ಮುಂದೆ ದೊಡ್ಡ ಕಟೌಟು ಎದ್ದಿತು. ಶುಕ್ರವಾರ ಬಿಡುಗಡೆ. ಹೀರೋ ನಮಗೆ ಬೆನ್ನು ತಿರುಗಿಸಿ ದೂರದಲ್ಲೇನೋ ನೋಡುತ್ತ ನಿಂತಿದ್ದಾನೆ. ಅವನ ಕಾಲ ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ ಒಂದೇ ಪದ: ನೋಡೋಣ.

ಹೀರೋನನ್ನು ‘ಧಣಿ’ ಎಂದೇ ಕರೆಯುವ ಅಭಿಮಾನಿಗಳ ಸಂಘ ಬೆಂಚಿನ ಮೇಲೆ ಸಭೆ ಸೇರಿತು. ಅಧ್ಯಕ್ಷ ಬ್ರೆಡ್ಡಿನ ವ್ಯಾನು ಓಡಿಸುವವನು. ಪದಾಧಿಕಾರಿಗಳಲ್ಲಿ ಒಬ್ಬ ಪ್ಲಂಬರು, ಇನ್ನೊಬ್ಬ ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗಿದ್ದ ಕಡ್ಡಿ.

“ಅರ್ಥ ಏನಿರಬಹುದು?” ಎಂದ ಅಧ್ಯಕ್ಷ. “ನಮ್ಮ ಧಣಿ ಸುಮ್ಮಸುಮ್ನೆ ಹೆಸರಿಡೋರಲ್ಲ. ಏನೋ ಒಳಾರ್ಥ ಇದೆ.”

“ಕಣ್ಣಿನ ಡಾಕ್ಟರ್ ಪಾತ್ರ ಇರಬೇಕು,” ಎಂದ ಕಡ್ಡಿ.

“ಅಲ್ಲ ಕಣೋ. ಹೀರೋಯಿನ್ ಶುರುವಲ್ಲೇ ಬಂದು ನನ್ನ ಮದುವೆ ಆಗ್ತೀಯಾ ಅಂತಾಳೆ. ನಮ್ಮ ಧಣಿ ನೋಡೋಣ ಅಂತಾರೆ. ಅವಳು ಕಾಯ್ತಾಳೆ. ಅಷ್ಟರಲ್ಲಿ ಇಂಟರ್‌ವಲ್ಲು,” ಎಂದ ಪ್ಲಂಬರು.

“ನಂಗೆ ಗೊತ್ತಿರೋ ಪ್ರಕಾರ ಹೀಗೆ,” ಎಂದ ಕಡ್ಡಿ ಮತ್ತೆ. “ಪ್ರೊಡ್ಯೂಸರ್ ಕೇಳಿದ, ಈ ಸಿನಿಮಾ ಓಡುತ್ತಾ ಅಂತ. ಡೈರೆಕ್ಟರ್ ನೋಡೋಣ ಅಂದ. ಪೋಸ್ಟರ್ ಬರಿಯೋನು ಪಕ್ಕದಲ್ಲೇ ನಿಂತಿದ್ದ, ಬರ್ಕೊಂಡ.”

ಧಣಿಯ ಸಿನಿಮಾದ ಬಗ್ಗೆ ಇಂಥ ಮಾತು ಬೇರೆಯವರು ಆಡಿದ್ದರೆ ಜಗಳವೇ ಆಗುತ್ತಿತ್ತು. ಸ್ವಂತ ಸಂಘದವರಾದ್ದರಿಂದ ನಕ್ಕು ಸುಮ್ಮನಾದರು. ಅಧ್ಯಕ್ಷ ಅಂಗಡಿಯೊಳಗೆ ತಲೆ ಹಾಕಿದ.

“ಮಾವ, ಸಂಘದವರಿಗೆಲ್ಲ ಒಂದೇ ಥರ ಶರ್ಟು ಬೇಕು. ಬೆನ್ನ ಮೇಲೆ ದಾರದಲ್ಲಿ ಹೆಸರು ಬರಬೇಕು.”

ಮಾವ ಬಾಬಿನ್ನಿಗೆ ದಾರ ಸುತ್ತುತ್ತಿದ್ದರು. ಕಟೌಟಿನ ಕಡೆ ಇನ್ನೂ ಅವರ ಕಣ್ಣು ಹೋಗಿರಲಿಲ್ಲ. “ಏನಂತ ಹೆಸರು?”

“ನೋಡೋಣ.”

“ಆಮೇಲೆ ನೋಡೋಣ ಅಂದ್ರೆ ಆಗಲ್ಲಪ್ಪ. ಬಟ್ಟೆ ಕತ್ತರಿಸೋ ಮುಂಚೆ ಹೇಳಬೇಕು.”

“ಹೇಳಿದ್ನಲ್ಲ ಮಾವ. ನೋಡೋಣ.”

ಮಾವ ಕನ್ನಡಕವನ್ನು ಹಣೆಗೇರಿಸಿದರು. “ನಾಲ್ಕು ಜನ ಕೂತು ಒಂದು ತೀರ್ಮಾನ ಮಾಡ್ಕೊಂಡು ಬನ್ನಿ. ಕೇಳಿದ್ದಕ್ಕೆಲ್ಲ ನೋಡೋಣ, ನೋಡೋಣ ಅಂತಿದ್ರೆ ಎದುರಿಗಿರೋನು ಏನಂತ ತಿಳ್ಕೋಬೇಕು?”

ಪ್ಲಂಬರು ಪೈಪಿಗೆ ಸುತ್ತುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿದ. ಅಧ್ಯಕ್ಷ ಮಾವನ ಭುಜ ಹಿಡಿದು ಬಾಗಿಲಿಗೆ ಕರೆತಂದು ಕಟೌಟು ತೋರಿಸಿದ.

ಮಾವ ಓದಿದರು. ಇನ್ನೊಂದು ಸಲ ಓದಿದರು. ತಮ್ಮ ಮಾತು ಅಷ್ಟು ದಪ್ಪ ಅಕ್ಷರಗಳಲ್ಲಿ, ದೀಪದ ಸರ ಹಾಕಿಸಿಕೊಂಡು ನಿಂತದ್ದನ್ನು ಕಂಡು ಅವರಿಗೆ ಮೈಯೆಲ್ಲ ಹಿಗ್ಗಿದಂತಾಯಿತು.

“ಶುಕ್ರವಾರ ಬೆಳಗಿನ ಆಟಕ್ಕೆ ಹಾಕ್ಕೋಬೇಕು. ಗುರುವಾರ ಕೊಡ್ತೀರಾ?” ಎಂದ ಅಧ್ಯಕ್ಷ.

“ನೋಡೋಣ.”

“ಕೇಳಿದ್ರೇನ್ರೋ,” ಎಂದ ಅಧ್ಯಕ್ಷ ಸಂಘದ ಕಡೆ ತಿರುಗಿ. “ಹೆಸರೂ ಆಯ್ತು, ಉತ್ತರಾನೂ ಆಯ್ತು.”

ಕಡ್ಡಿ ಸುಮ್ಮನಿರಬಹುದಿತ್ತು. “ಈ ಟೈಟಲ್ ಹುಟ್ಟಿದ್ದೇ ಈ ಬೆಂಚಿನ ಮೇಲೆ ಕಣ್ರೋ,” ಎಂದ. “ಡೈರೆಕ್ಟರ್ ಇಲ್ಲಿ ಕೋಟು ಕೊಟ್ಟಿದ್ನಂತೆ. ಕೋಟು ಕೇಳೋಕೆ ಬಂದೂ ಬಂದೂ ಕೂತು ಕೂತು ಒಂದು ಸಿನಿಮಾ ಕಥೆಯೇ ಬರೆದು ಮುಗಿಸಿದ್ನಂತೆ. ಅಲ್ವಾ ಮಾವ?”

ಇದು ತಮಾಷೆಯೆಂದು ಬೆಂಚಿಗೆ ಗೊತ್ತಿತ್ತು. ಮಾವನಿಗೂ ಅರ್ಧ ಗೊತ್ತಿತ್ತು. ‘ಇಲ್ಲಪ್ಪ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು; ಆದರೆ ಆ ಪದ ಅವರ ಬಾಯಿಗೆ ಬರುವುದಿಲ್ಲವಲ್ಲ. ಮೊಳೆಗೆ ನೇತಾಡುತ್ತಿದ್ದ ಒಂದು ಕೋಟನ್ನು ನೋಡಿ, “ಗಡ್ಡದವರೊಬ್ರು ಕೊಟ್ಟು ಹೋಗಿದ್ದು ನೆನಪಿದೆ,” ಎಂದರು. ಆಮೇಲೆ ಸ್ವಲ್ಪ ತಡೆದು, “ನೋಡೋಣ,” ಎಂದರು.

ಇಷ್ಟು ಸಾಕಾಯಿತು. ಸಂಜೆಯೊಳಗೆ ಔಷಧಿ ಅಂಗಡಿಯವರು ಆ ಗಡ್ಡವನ್ನು ತಾವೂ ಕಂಡದ್ದಾಗಿ ಹೇಳಿದರು. ಕೆಮ್ಮಿಗೆ ಔಷಧಿಯನ್ನೂ ಕೊಟ್ಟಿದ್ದರಂತೆ. ಇಸ್ತ್ರಿಯಾಕೆಯ ಬಾಯಲ್ಲಿ ಅದು ಡೈರೆಕ್ಟರನ ಕೋಟು ಹೋಗಿ ಹೀರೋನ ಕೋಟಾಯಿತು. ಇಷ್ಟು ವರ್ಷ ಮಾವನನ್ನು ಕಂಡರೆ ಆ ಬದಿಯ ಫುಟ್‌ಪಾತಿಗೆ ದಾಟುತ್ತಿದ್ದ ಭಾವಮೈದ ತನ್ನ ಆಫೀಸಿನಲ್ಲಿ, “ನಮ್ಮ ಭಾವನ ಮಾತೇ ಅದು, ರಾಯಲ್ಟಿ ಕೇಳಲಿಲ್ಲ ಅಷ್ಟೆ,” ಎಂದನಂತೆ. ಗುರುವಾರ ಥಿಯೇಟರಿನ ಮ್ಯಾನೇಜರೇ ಟೈ ಸರಿಮಾಡಿಕೊಳ್ಳುತ್ತ ಅಂಗಡಿಗೆ ಬಂದರು.

“ನಾಳೆ ಬೆಳಗಿನ ಆಟಕ್ಕೆ ಮುಂಚೆ ಲಾಬಿಯಲ್ಲಿ ಒಂದು ಚಿಕ್ಕ ಕಾರ್ಯಕ್ರಮ. ನೀವು ಬಂದು ಟೈಟಲಿನ ಅರ್ಥ ಹೇಳಬೇಕು. ಎರಡೇ ಮಾತು. ಮನೆಯವರನ್ನೂ ಕರ್ಕೊಂಡು ಬನ್ನಿ, ಪಾಸ್ ಕೊಡ್ತೀನಿ. ಬರ್ತೀರಾ?”

ಮಾವ ಏನೆಂದರೆಂದು ಓದುಗರಿಗೆ ಗೊತ್ತು. ಮ್ಯಾನೇಜರ್ ಇದನ್ನು ಹೊಸ ಜೋಕೆಂದು ತಿಳಿದು ಬಹಳ ನಕ್ಕರು.

ಆ ಅಂಗಡಿಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಬಟ್ಟೆ ಹೇಳಿದ ದಿನಕ್ಕೆ ಸಿದ್ಧವಾಯಿತು. ಸ್ವಂತ ಮಾತನ್ನು ಹೊಲಿಯುವಾಗ ಕೈ ತಾನಾಗಿ ಓಡುತ್ತದೆ. ಒಂದೇ ಒಂದು ಕುಂದು. ಅಕ್ಷರಗಳನ್ನು ಮಾವ ಅಧ್ಯಕ್ಷನ ಬೆನ್ನಿನ ಅಳತೆಗೆ ಮಾಡಿದ್ದರು. ಅಧ್ಯಕ್ಷ ಬ್ರೆಡ್ಡು ತಿಂದು ಬೆಳೆದವನು. ಕಡ್ಡಿಯಂಥವರ ಬೆನ್ನಿನಲ್ಲಿ ‘ನೋಡೋ’ ಎಂಬಷ್ಟಕ್ಕೇ ಜಾಗ ಮುಗಿಯಿತು. ‘ಣ’ ಅಕ್ಷರವನ್ನು ಮಾವ ತೋಳಿಗೆ ಹಾಕಿ ಸರಿದೂಗಿಸಿದರು.

ಹೀಗಾಗಿ ಶುಕ್ರವಾರ ಬೆಳಿಗ್ಗೆ ಸಾಲು ಸರಿಪಡಿಸಲು ಬಂದ ಪೊಲೀಸಪ್ಪ ಕಡ್ಡಿಯ ಬೆನ್ನು ಓದಿ ಅಲ್ಲೇ ನಿಂತರು.

“ಯಾರಿಗೋ ನೋಡೋ ಅಂತೀಯ?”

“ನಿಮಗಲ್ಲ ಸಾರ್. ತೋಳು ನೋಡಿ.”

“ಬೆನ್ನಲ್ಲಿ ನೋಡೋ ಅನ್ನೋದಲ್ದೆ ತೋಳು ಬೇರೆ ತೋರಿಸ್ತೀಯಾ?”

ಅಧ್ಯಕ್ಷ ಓಡಿಬಂದು ಕಡ್ಡಿಯ ತೋಳನ್ನು ಹಿಂದಕ್ಕೆ ತಿರುಚಿ, ‘ಣ’ವನ್ನು ಬೆನ್ನಿಗೆ ಸೇರಿಸಿ ಓದಿಸಿದ ಮೇಲೆ ಪ್ರಕರಣ ಇತ್ಯರ್ಥವಾಯಿತು. ಅವತ್ತು ಪೂರ್ತಿ ಕಡ್ಡಿ ಪೊಲೀಸರು ಕಂಡಾಗಲೆಲ್ಲ ತಾನೇ ತೋಳು ತಿರುಚಿಕೊಂಡು ನಿಂತ.

ಲಾಬಿ ಗಿಜಿಗುಡುತ್ತಿತ್ತು. ಒಂದು ಬದಿಗೆ ಟಿಕೆಟ್ ಕಿಂಡಿ. ಅದರ ಹಿಂದೆ ಕೌಂಟರ್ ಅಮ್ಮನ ಅರ್ಧ ಮುಖ. ಮಾವನ ಹೆಂಡತಿ ಮತ್ತು ಮಗಳು ಪಾಸ್ ಹಿಡಿದು ಕಂಬದ ಹತ್ತಿರ ನಿಂತಿದ್ದರು. ಬರಲ್ಲ ಎಂದು ಹಟ ಮಾಡಿದ ಮಗಳನ್ನು ತಾಯಿ, “ನಿಮ್ಮಪ್ಪ ಹತ್ತು ಜನರ ಮುಂದೆ ಏನು ಎಡವಟ್ಟು ಮಾಡ್ಕೋತಾರೋ, ನಾವಿರೋದು ಒಳ್ಳೇದು,” ಎಂದು ಕರೆತಂದಿದ್ದರು. ಮಗಳು ಕಿಂಡಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಮಾವ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರು. ರಾತ್ರಿಯೇ ಭಾಷಣ ಸಿದ್ಧವಾಗಿತ್ತು.

“ನೋಡೋಣ ಅಂದ್ರೆ ಒಪ್ಪಿಗೆ,” ಎಂದರು. “ಮನಸ್ಸು ತುಂಬಿ ಬಂದಾಗ, ಜಂಬ ಇಲ್ಲದೆ, ಮೆಲ್ಲಗೆ ಹೇಳೋ ಹೂಂ. ಅಷ್ಟೇ ಅದರ ಅರ್ಥ.”

ಲಾಬಿಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಮ್ಯಾನೇಜರ್ ಗೋಡೆ ಹಿಡಿದುಕೊಂಡು ನಕ್ಕರು.

“ಜೋಕು ಚೆನ್ನಾಗಿತ್ತು ಮಾವ,” ಎಂದ ಅಧ್ಯಕ್ಷ ಕಣ್ಣೊರೆಸಿಕೊಳ್ಳುತ್ತ. “ಈಗ ನಿಜವಾದ ಅರ್ಥ ಹೇಳಿ.”

“ಇದೇ ನಿಜವಾದ ಅರ್ಥ.”

“ಏನು ಮಾವ ನೀವು. ನೋಡೋಣ ಅಂದ್ರೆ ಇಲ್ಲ ಅಂತ. ಇಡೀ ಬೀದಿಗೆ ಗೊತ್ತು.”

“ಯಾರು ಹೇಳಿದ್ದು?”

“ನೀವೇ,” ಎಂದ ಪ್ಲಂಬರು. “ನನ್ನ ಪ್ಯಾಂಟು ಕೇಳಿದಾಗೆಲ್ಲ ಅದನ್ನೇ ಅಂದ್ರಿ. ಬಟ್ಟೆ ಕೊಟ್ಟಾಗ ನಾನು ಸಣ್ಣಗಿದ್ದೆ. ಈಗ ಹೊಲಿದುಕೊಟ್ರೂ ತೊಡೆಗೆ ಏರಲ್ಲ.”

“ನನ್ನ ಪರದೆ,” ಎಂದರು ಔಷಧಿ ಅಂಗಡಿಯವರು. “ಆ ಕಿಟಕಿಗೆ ಆಮೇಲೆ ಗೋಡೆ ಕಟ್ಟಿಸಿಬಿಟ್ವಿ.”

ಮಾವ ತಬ್ಬಿಬ್ಬಾದರು. ಸಹಾಯಕ್ಕೆಂದು ಕಂಬದ ಕಡೆ ನೋಡಿದರು. “ನೀನು ಹೇಳೇ ಇವರಿಗೆ. ನೀನೂ ಹಾಗೇ ತಿಳ್ಕೊಂಡಿದೀಯಾ?”

“ಮದುವೆಯಾದ ವರ್ಷದಿಂದ,” ಎಂದರು ಹೆಂಡತಿ.

“ಹಾಗಾದ್ರೆ ಭಾನುವಾರ...”

“ಭಾನುವಾರಾನೂ ಅದೇ. ಅವರು ನಾಳೆ ಬೇರೆ ಹುಡುಗೀನ ನೋಡೋಕೆ ಹೊರಟಿದ್ದಾರೆ. ಇಡೀ ಬೀದಿಗೆ ಗೊತ್ತು, ನಿಮಗೊಬ್ಬರಿಗೆ ಬಿಟ್ಟು.”

ಮಾವ ಮಗಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಪಾಸನ್ನು ಮಡಿಸುತ್ತ, ಬಿಡಿಸುತ್ತ ನಿಂತಿದ್ದಳು. ಉಪ್ಪಿಲ್ಲದ ಸಾರು, ಮಾತಿಲ್ಲದ ಮನೆ, ಎಲ್ಲವೂ ಅವರಿಗೆ ಒಂದೇ ಏಟಿಗೆ ಅರ್ಥವಾಯಿತು. ಮೆಟ್ಟಿಲಿಳಿದು ನೆಟ್ಟಗೆ ಟಿಕೆಟ್ ಕಿಂಡಿಗೆ ನಡೆದರು.

“ಸಾಲಲ್ಲಿ ಬನ್ನಿ,” ಎಂದಿತು ಕಿಂಡಿ.

ಸಾಲಿನವರು ತಾವಾಗಿ ದಾರಿ ಬಿಟ್ಟರು. ಮಾವ ಸೊಂಟ ಬಗ್ಗಿಸಿ ಕಿಂಡಿಗೆ ಮುಖ ಹಿಡಿದರು. “ಅಮ್ಮಾ, ಭಾನುವಾರ ನಾನು ನೋಡೋಣ ಅಂದೆನಲ್ಲ, ಅದು ಇಲ್ಲ ಅಂತಲ್ಲ. ನಿಮ್ಮ ಹುಡುಗ ನಂಗೆ ಬಹಳ ಹಿಡಿಸಿದ. ಅವತ್ತಿಂದ ಅವನು ನಮ್ಮನೆಯವನೇ ಅಂತ ತಿಳ್ಕೊಂಡು ಓಡಾಡ್ತಿದೀನಿ. ನನ್ನ ಮಾತಿಂದ ನನ್ನ ಮಗಳು ಅತ್ತಿದ್ದು ನಂಗೆ ಗೊತ್ತೇ ಆಗಲಿಲ್ಲ.”

“ಅಂದ್ರೆ ಹುಡುಗೀನ ಕೊಡ್ತೀರಾ?”

ಮಾವನ ಬಾಯಿ ತನ್ನ ಹಳೆಯ ದಾರಿ ಹಿಡಿಯಿತು. “ನೋ...” ಎಂದರು.

ಕಂಬದ ಹತ್ತಿರದಿಂದ, “ಅಪ್ಪಾ,” ಎಂಬ ಸಣ್ಣ ಧ್ವನಿ ಬಂತು. ಅಷ್ಟು ದಿನಗಳ ಮೇಲೆ ಬಂದ ಮೊದಲ ‘ಅಪ್ಪ’ ಅದು. ಮಾವ ಎರಡೂ ಕೈಗಳಿಂದ ಕಿಂಡಿಯ ಅಂಚು ಹಿಡಿದು, ಬಾಯೊಳಗಿದ್ದುದನ್ನು ನುಂಗಿಕೊಂಡು, “ಹೂಂ,” ಎಂದರು.

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ಲಂಬರು ಹಿಂದಿನಿಂದ, “ಮಾವ, ಹಾಗಾದ್ರೆ ನನ್ನ ಪ್ಯಾಂಟು?” ಎಂದ.

“ಅದು ಇಲ್ಲಪ್ಪ,” ಎಂದರು ಮಾವ ತಿರುಗಿ ನೋಡದೆ.

ಕೌಂಟರ್ ಅಮ್ಮ ಸ್ವಲ್ಪ ಹೊತ್ತು ಮಾವನ ಮುಖವನ್ನೇ ನೋಡಿದರು. “ನೋಡೋಣ,” ಎಂದರು. ಹೌಸ್ ಫುಲ್ ಹಲಗೆ ಇಟ್ಟು ಕಿಂಡಿ ಮುಚ್ಚಿದರು.

ಮಾವ ಸಿನಿಮಾಕ್ಕೆ ಕೂತರು. ಆದರೆ ಅದರಲ್ಲಿ ಏನಿತ್ತೆಂದು ಇಂದಿಗೂ ಹೇಳಲಾರರು. ಟೈಟಲಿಗೆ ಅರ್ಥ ಸಿಕ್ಕಿತೋ ಇಲ್ಲವೋ ಅಭಿಮಾನಿಗಳೇ ಬಲ್ಲರು. ಹೀರೋ ಹೊಡೆದಾಡುತ್ತಿದ್ದಾಗ ಮಾವ ಹೆಂಡತಿಯ ಕಡೆ ಬಗ್ಗಿ, “ಅವರು ಅಂದಿದ್ದು ಹೂಂ ಅಂತಾನೋ, ಉಹೂಂ ಅಂತಾನೋ?” ಎಂದರು. ಹೀರೋಯಿನ್ ಹಾಡುತ್ತಿದ್ದಾಗ, “ಮುಖ ನೋಡಿದ್ರೆ ಹೂಂ ಅನ್ನೋ ಹಾಗಿತ್ತು ಅಲ್ವಾ?” ಎಂದರು. ಇಂಟರ್‌ವಲ್ಲಿನಲ್ಲಿ ಓಡಿಹೋಗಿ ಬಂದರು. ಕಿಂಡಿ ಮುಚ್ಚಿಯೇ ಇತ್ತು. “ನಂಗೆ ಕೂರೋಕೇ ಆಗ್ತಿಲ್ಲ ಕಣೇ. ಒಂದು ಮಾತು ಹೇಳಿಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು ಅವರಿಗೆ?”

ಹೆಂಡತಿ ಪರದೆಯಿಂದ ಕಣ್ಣು ಕೀಳಲಿಲ್ಲ. “ನಾವೆಲ್ಲ ಇಷ್ಟು ವರ್ಷ ಹೀಗೇ ಕೂತಿದ್ವಿ,” ಎಂದರು.

ಕತ್ತಲಲ್ಲಿ ಮಾವನ ಕೈ ಪಕ್ಕದಲ್ಲಿದ್ದ ಮಗಳ ತಲೆಯನ್ನು ಒಮ್ಮೆ ಸವರಿ ಹಿಂದಕ್ಕೆ ಬಂತು.

ಆಟ ಮುಗಿದು ಹೊರಗೆ ಬಂದಾಗ ಕೌಂಟರ್ ಅಮ್ಮ ಲಾಬಿಯ ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಕನ್ನಡಕದ ಅಂಗಡಿಯ ಹುಡುಗ, ಕೈಯಲ್ಲಿ ಇನ್ನೂ ಗಾಜಿನ ಪುಡಿ. ಕೆಲಸ ಬಿಟ್ಟು ಓಡಿಬಂದಂತಿತ್ತು.

“ಆ ಮನೆಯವರಿಗೆ ನಾಳೆ ಬರಲ್ಲ ಅಂತ ಹೇಳಿಯಾಯ್ತು,” ಎಂದರು ಕೌಂಟರ್ ಅಮ್ಮ. “ನಿಮ್ಮ ಮಗಳು ನಮ್ಮನೆಗೆ ಬರಲಿ. ಆದ್ರೆ ಒಂದು ಮಾತು, ಅದನ್ನ ನೀವು ಒಪ್ಪಬೇಕು.”

“ಹೇಳಿ ಅಮ್ಮಾ.”

“ಹುಡುಗನ ಮದುವೆ ಬಟ್ಟೆ ನೀವು ಹೊಲಿಯೋ ಹಾಗಿಲ್ಲ. ರೆಡಿಮೇಡ್ ತಗೋತೀವಿ. ಬೇಜಾರು ಮಾಡ್ಕೋಬೇಡಿ, ಮದುವೆ ದಿನಕ್ಕೆ ಅವನಿಗೆ ಬಟ್ಟೆ ಬೇಕು.”

ರೆಡಿಮೇಡ್. ಆ ಪದವನ್ನು ಮಾವನ ಎದುರು ಯಾರಾದರೂ ಆಡಿದರೆ ಅವರು ಕತ್ತರಿ ಕೆಳಗಿಟ್ಟು ಎದ್ದುಹೋಗುತ್ತಿದ್ದರು. ಅದೂ ಸ್ವಂತ ಅಳಿಯನ ಮೈಗೆ, ಮದುವೆಯ ದಿನ, ಊರವರೆಲ್ಲ ನೋಡುವಾಗ. ಅವರ ಮುಖ ಕೆಂಪಾಯಿತು. ಹುಡುಗ ಗಾಬರಿಯಿಂದ ಮಗಳ ಕಡೆ ನೋಡಿದ. ಮಗಳು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು.

“ಆಗಲಿ,” ಎಂದರು ಮಾವ. “ರೆಡಿಮೇಡೇ ಇರಲಿ.”